ಹಸಿರು ಶಾಯಿಯ ಲಕೋಟೆ

ಕಂಡಕ್ಟರು ನಿವೃತ್ತರಾಗಿ ಐದು ವರ್ಷವಾಗಿತ್ತು. ಆದರೂ ಅವರನ್ನು ಬೇರೆ ಹೆಸರಿನಿಂದ ಕರೆಯುವವರಿರಲಿಲ್ಲ. ಬೀದಿಯವರಿಗೆ ಕಂಡಕ್ಟರು, ತರಕಾರಿಯವಳಿಗೆ ಕಂಡಕ್ಟರು, ಸಿಟ್ಟು ಬಂದಾಗ ಹೆಂಡತಿಗೂ ಕಂಡಕ್ಟರೇ. ಮೂವತ್ತೊಂದು ವರ್ಷ ಒಂದೇ ದಾರಿಯ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ ಮನುಷ್ಯ ಇನ್ನಾದರೂ ಕಾಲು ಚಾಚಿ ಕೂರುತ್ತಾನೆ ಎಂದು ಎಲ್ಲರೂ ಎಣಿಸಿದ್ದರು. ಅವರು ಅಂಟು ಕಲಸಲು ಕೂತರು.

ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಇಸ್ತ್ರಿ ಮೇಜು. ಅದರ ಮೇಲೆ ಪ್ಲೈವುಡ್ ಹಲಗೆ, ಮೈದಾ ಅಂಟಿನ ಪಾತ್ರೆ, ಎರಡು ಕತ್ತರಿ, ಅಗಲವಾದ ಒಂದು ಬ್ರಷ್ಷು. ಸುತ್ತ ರಟ್ಟಿನ ಡಬ್ಬಗಳು. ಒಂದರಲ್ಲಿ ಗುಲಾಬಿ, ಹಳದಿ, ನೀಲಿ ಟಿಕೆಟ್ಟುಗಳು, ಇನ್ನೊಂದರಲ್ಲಿ ಹರಿದ ಸೀಟಿನ ರೆಕ್ಸಿನ್ನು, ಮತ್ತೊಂದರಲ್ಲಿ ಗುಂಡಿ, ಛತ್ರಿಯ ಕಡ್ಡಿ, ಜೊತೆ ಕಳೆದುಕೊಂಡ ಕಿವಿಯೋಲೆಗಳು. ಪ್ರಯಾಣಿಕರು ಮರೆತು ಇಳಿದದ್ದು, ಡಿಪೋದಲ್ಲಿ ವರ್ಷಗಟ್ಟಲೆ ಕಾದರೂ ಯಾರೂ ಕೇಳದೆ ಕಸಕ್ಕೆ ಹೊರಟಿದ್ದದ್ದು, ಇಂಥವನ್ನೆಲ್ಲ ಅವರು ಕೇಳಿ ಮನೆಗೆ ತಂದಿದ್ದರು. ಹೆಂಡತಿ ಅದನ್ನು 'ನಿಮ್ಮ ಆಸ್ತಿ' ಎನ್ನುತ್ತಿದ್ದಳು. ಗುಡಿಸುವಾಗಲೆಲ್ಲ ಆಸ್ತಿಯನ್ನು ಪೊರಕೆಯಿಂದ ಒಂದಿಷ್ಟು ತಟ್ಟಿ ಹೋಗುತ್ತಿದ್ದಳು.

ಆ ಆಸ್ತಿಯಲ್ಲಿ ಅವರು ಹಾಡುಗಳನ್ನು ಕಟ್ಟುತ್ತಿದ್ದರು. ಅವರ ಡ್ರೈವರಿಗೆ ಹಳೆಯ ಸಿನಿಮಾ ಹಾಡುಗಳ ಹುಚ್ಚು. ಬಸ್ಸಿನ ಮುಂದೆ ಒಂದು ಟೇಪ್ ರೆಕಾರ್ಡರು, ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವೇ ಹನ್ನೆರಡು ಕ್ಯಾಸೆಟ್ಟು. ಕಂಡಕ್ಟರು ಆ ಹಾಡುಗಳನ್ನು ಯಾವತ್ತೂ ಕೂತು ಕೇಳಿದವರಲ್ಲ. ಪಲ್ಲವಿ ಮುಂದಿನ ಬಾಗಿಲ ಹತ್ತಿರ ಕಿವಿಗೆ ಬಿದ್ದರೆ, ಚರಣ ಬರುವಷ್ಟರಲ್ಲಿ ಅವರು ಹಿಂದಿನ ಸೀಟಿನಲ್ಲಿ ಯಾರ ಜೊತೆಗೋ ಚಿಲ್ಲರೆಯ ವಾದದಲ್ಲಿರುತ್ತಿದ್ದರು. ನಡುವೆ ಒಂದು ಮಗುವಿನ ಅಳು, ಸೀಟಿಯ ಸದ್ದು. ಹೀಗೆ ಚೂರುಚೂರಾಗಿ ಒಳಗೆ ಹೋದದ್ದು ಚೂರುಚೂರಾಗಿಯೇ ಹೊರಗೆ ಬರುತ್ತಿತ್ತು. ಹಾಡಿನ ಹೆಸರು, ಸಿನಿಮಾದ ಹೆಸರು ಅವರಿಗೆ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಒಂದು 'ಸೇತುವೆ ಹಾಡು', ಒಂದು 'ಸ್ಕೂಲು ಬಿಡೋ ಹೊತ್ತಿನ ಹಾಡು', ಇನ್ನೊಂದು 'ಬ್ರೇಕ್ ಹಾಕಿದ ಹಾಡು'. ಸುಕ್ಕಾಗಿ ಕೆಟ್ಟುಹೋದ ಕ್ಯಾಸೆಟ್ಟಿನ ಕಂದು ಟೇಪನ್ನು ಉದ್ದಕ್ಕೆ ಅಂಟಿಸಿದರೆ ರಸ್ತೆ. ಟಿಕೆಟ್ಟಿಗೆ ತೂತು ಹಾಕುವ ಪಂಚಿನಿಂದ ನೀಲಿ ಕಾಗದದಲ್ಲಿ ಕಚಕಚ ಕತ್ತರಿಸಿದ ಬೊಟ್ಟುಗಳನ್ನು ಉದುರಿಸಿದರೆ ಮಳೆ.

ಮುಖಗಳನ್ನು ಮಾತ್ರ ಅವರು ಮಾಡುತ್ತಿರಲಿಲ್ಲ. ಎಲ್ಲ ಚಿತ್ರದಲ್ಲೂ ಬರೀ ಕೈಗಳು. ಟಿಕೆಟ್ಟಿಗೆ ಚಾಚಿದ ಕೈ, ಕಂಬಿ ಹಿಡಿದ ಕೈ, ಮಗುವಿನ ಬಾಯಿ ಒರೆಸುವ ಕೈ.

"ಮುಖ ಯಾಕಿಲ್ಲ?" ಎಂದು ಹೆಂಡತಿ ಕೇಳಿದ್ದಳು.

"ಮೂವತ್ತು ವರ್ಷ ನಾನು ನೋಡಿದ್ದು ಕೈನೇ ಕಣೇ. ಮುಖ ನೋಡ್ತಾ ನಿಂತಿದ್ರೆ ಮುಂದಿನ ಸ್ಟಾಪು ಬಂದ್ಬಿಡ್ತಿತ್ತು."

"ನನ್ನ ಮುಖ ಆದ್ರೂ ನೋಡಿದೀರಾ?"

ಈ ಪ್ರಶ್ನೆಗೆ ಅವರು ಜಾಣತನದಿಂದ ಕಾಫಿ ಕೇಳಿದರು.

ಗ್ರಂಥಾಲಯದ ಮೇಡಂ ಒಂದು ದಿನ ಈ ಚಿತ್ರಗಳನ್ನು ನೋಡಿ, ಇದಕ್ಕೆ ಕೊಲಾಜ್ ಅಂತಾರೆ, ನಮ್ಮ ಓದುವ ಕೋಣೆಯ ಗೋಡೆಯ ಮೇಲೆ ಎಂಟು ದಿನ ತೂಗುಹಾಕೋಣ ಎಂದರು. ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿದೆ ಎಂದು ತಿಳಿದು ಕಂಡಕ್ಟರು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದರು. ಮೂರನೆಯ ದಿನ ಅವರ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹೊಕ್ಕಿತು. ಬೀರುವಿನ ಮೇಲಿನ ತಗಡಿನ ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಇಪ್ಪತ್ಮೂರು ವರ್ಷದ ಹಿಂದಿನ ಲಕೋಟೆ ಅದು. ಕಂದು ಕಾಗದವನ್ನು ಮನೆಯಲ್ಲೇ ಮಡಿಸಿ ಅಂಟಿಸಿದ್ದು. ಮೇಲೆ ವಿಳಾಸವಿಲ್ಲ, ಹೆಸರಿಲ್ಲ. ಹಸಿರು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, 'ಖುದ್ದಾಗಿ ಕೊಡುವುದು' ಎಂದಷ್ಟೇ ಇತ್ತು. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದಾಗ ಕಿಟಕಿ ಪಕ್ಕದ ಸೀಟಿನಲ್ಲಿ ಸಿಕ್ಕಿತ್ತು. ಕಳೆದುಕೊಂಡವರು ಸಾಮಾನ್ಯವಾಗಿ ಅದೇ ಬಸ್ಸಿಗೆ ಮತ್ತೆ ಬರುತ್ತಾರೆ. ಹಾಗಾಗಿ ಸಿಕ್ಕಿದ್ದನ್ನು ಮೂರು ಟ್ರಿಪ್ಪು ಚೀಲದಲ್ಲೇ ಇಟ್ಟುಕೊಂಡಿದ್ದು ಆಮೇಲೆ ಡಿಪೋಗೆ ಕೊಡುವುದು ಅವರ ಪದ್ಧತಿ. ಅವತ್ತೂ ಹಾಗೇ ಚರ್ಮದ ಚೀಲಕ್ಕೆ ತುರುಕಿದ್ದರು. ಅದೇ ದಿನ ಎರಡು ಛತ್ರಿ, ಒಂದು ಊಟದ ಡಬ್ಬಿಯೂ ಸಿಕ್ಕಿದ್ದರಿಂದ ಲಕೋಟೆಯ ನೆನಪು ಹಾರಿಹೋಯಿತು.

ಮರುದಿನ ಬೆಳಿಗ್ಗೆ ಒಬ್ಬ ಹುಡುಗಿ ಕಿಟಕಿಯ ಕಂಬಿ ಹಿಡಿದು ಕೇಳಿದಳು. ನಿನ್ನೆ ಒಂದು ಲಕೋಟೆ ಸಿಕ್ಕಿತಾ ಅಂತ. ಬಸ್ಸು ಹತ್ತು ನಿಮಿಷ ತಡವಾಗಿತ್ತು, ಡ್ರೈವರು ಹಾರ್ನಿನ ಮೇಲೆ ಕೈಯಿಟ್ಟಿದ್ದ. ಕಂಡಕ್ಟರು ಚೀಲಕ್ಕೆ ಕೈ ಹಾಕಿ ನೋಡಿದ್ದು ನಿಜ. ಸಿಗಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಪಾಪವಿರಲಿಲ್ಲ. "ಇಲ್ಲಮ್ಮ, ನಿನ್ನೆ ಇಡೀ ಬಸ್ಸು ನಾನೇ ಗುಡಿಸಿದೀನಿ, ಒಂದು ಚೂರು ಕಾಗದ ಇರ್ಲಿಲ್ಲ. ಖಂಡಿತ ಬಸ್ಸಲ್ಲಿ ಬಿದ್ದಿಲ್ಲ" ಎಂದು ಸೇರಿಸಿ ಸೀಟಿ ಊದಿಬಿಟ್ಟರು. ಅವರು ಬಸ್ಸು ಗುಡಿಸಿರಲಿಲ್ಲ.

ಮೂರು ತಿಂಗಳಾದ ಮೇಲೆ ಚೀಲದ ಹೊಲಿಗೆ ಬಿಟ್ಟಿತೆಂದು ಚಮ್ಮಾರನ ಹತ್ತಿರ ಒಯ್ದರೆ, ಆತ ಒಳಗಿನ ಬಟ್ಟೆಯ ಹಿಂದೆ ಕೈ ಹಾಕಿ ಲಕೋಟೆಯನ್ನು ಎಳೆದು ಅವರ ಕೈಗಿಟ್ಟ. ಆ ಹುಡುಗಿ ಮತ್ತೆ ಅವರ ಬಸ್ಸು ಹತ್ತಲೇ ಇಲ್ಲ. ಡಿಪೋಗೆ ಕೊಟ್ಟರೆ ಯಾವತ್ತು ಸಿಕ್ಕಿದ್ದು, ಯಾಕೆ ತಡ ಎಂದು ಬರೆದುಕೊಡಬೇಕು. ನಾಚಿಕೆಯಾಯಿತು. ಇಟ್ಟುಕೊಂಡರು. ಇಟ್ಟುಕೊಂಡದ್ದು ಮುಳ್ಳಾಗಿ ಕೂತಿತು. ಒಳಗೆ ಏನಿದೆ? ಕೆಲಸದ ಕಾಗದವೇ, ಪ್ರೀತಿಯ ಕಾಗದವೇ, ಆಸ್ಪತ್ರೆಯದೇ? ತಾನು ಬಾಯಿಗೆ ಬಂದ ಹಾಗೆ ಆಡಿದ ಒಂದು ಮಾತಿನಿಂದ ಆ ಹುಡುಗಿಯ ಬದುಕು ಎತ್ತ ತಿರುಗಿತು? ಇಪ್ಪತ್ಮೂರು ವರ್ಷ ಈ ಪ್ರಶ್ನೆ ಅವರ ಜೊತೆಯಲ್ಲೇ ಉಂಡು ಮಲಗಿತು.

"ಹಬೆ ಹಿಡಿದ್ರೆ ಎರಡು ನಿಮಿಷಕ್ಕೆ ಬಿಟ್ಕೊಳ್ಳತ್ತೆ. ನೀರು ಕಾಯ್ಸಲಾ?" ಎಂದು ಹೆಂಡತಿ ಎಷ್ಟೋ ಸಲ ಕೇಳಿದ್ದಳು. ಅವಳಿಗೂ ಕುತೂಹಲ ಕಡಿಮೆಯಿರಲಿಲ್ಲ.

"ಪ್ರಯಾಣಿಕರ ಸಾಮಾನು ಬಿಚ್ಚಬಾರದು."

"ಬಿಚ್ಚಬಾರದು, ಆದ್ರೆ ಬೀರು ಮೇಲೆ ಇಟ್ಕೋಬಹುದು. ಒಳ್ಳೆ ಕಾನೂನು ನಿಮ್ಮದು."

ಈಗ ಹೊಳೆದ ಉಪಾಯ ಹೀಗಿತ್ತು. ಹತ್ತು ಚಿತ್ರಗಳು ಸಂತೋಷಕ್ಕೆ, ಹನ್ನೊಂದನೆಯದು ಆ ಹುಡುಗಿಗಾಗಿ ಬಲೆ. ಲಕೋಟೆ ಸಿಕ್ಕ ಆ ಮಧ್ಯಾಹ್ನ ಟೇಪಿನಲ್ಲಿ ಯಾವ ಹಾಡು ಬರುತ್ತಿತ್ತು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಕಿಟಕಿಯಲ್ಲಿ ಕೂತವಳು ದಾರಿಯಲ್ಲಿ ಹೋಗುವವರನ್ನೆಲ್ಲ ನನಗೇನಾದರೂ ಸುದ್ದಿ ಇದೆಯೇ ಎಂದು ಕೇಳುವ ಹಾಡು. ಬಸ್ಸಿನ ಕಿಟಕಿಯ ನಿಜವಾದ ರಬ್ಬರನ್ನೇ ಚೌಕಟ್ಟು ಮಾಡಿ, ಹಳದಿ ಟಿಕೆಟ್ಟುಗಳಿಂದ ಮಧ್ಯಾಹ್ನದ ಬಿಸಿಲು ಮಾಡಿ, ಸೀಟಿನ ಕೆಂಪು ರೆಕ್ಸಿನ್ನಿನಲ್ಲಿ ಎರಡು ಕೈ ಕತ್ತರಿಸಿ, ಆ ಕೈಗಳ ನಡುವೆ ಲಕೋಟೆಯನ್ನು ಅಕ್ಷರ ಮೇಲಾಗಿ ಅಂಟಿಸಿದರು. ಬಲಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. ಕಂಬಿ ಹಿಡಿದಿದ್ದ ಹುಡುಗಿಯ ಬೆರಳು ಹಾಗಿದ್ದದ್ದನ್ನು ಅವರು ಮರೆತಿರಲಿಲ್ಲ. ಅಂಟು ಆರುವ ಹೊತ್ತಿಗೆ ಅವರಿಗೇ ಗೊತ್ತಾಯಿತು, ಮಾಡಿದ್ದರಲ್ಲೆಲ್ಲ ಇದೇ ಚೆನ್ನಾಗಿ ಬಂದಿದೆ ಎಂದು.

ಗ್ರಂಥಾಲಯದಲ್ಲಿ ಚಿತ್ರದ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಅವರು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಚಿತ್ರವನ್ನಲ್ಲ, ಚಿತ್ರ ನೋಡುವವರನ್ನು. ಒಬ್ಬರು ಬಂದು ಇದಕ್ಕೆ ಯಾವ ಅಂಟು ಎಂದು ಕೇಳಿದರು. ಇನ್ನೊಬ್ಬರು ಇಷ್ಟೊಂದು ಟಿಕೆಟ್ಟು ಹಾಳು ಮಾಡಿದ್ದೀರಲ್ಲ ಎಂದು ಗದರಿದರು. ಮೂರನೆಯ ದಿನ ಹಳೆಯ ಡ್ರೈವರು ಬಂದು 'ಬ್ರೇಕ್ ಹಾಕಿದ ಹಾಡಿ'ನ ಮುಂದೆ ನಿಂತು, "ಸ್ಟೀರಿಂಗ್ ಮೇಲೆ ಇರೋದು ನನ್ನ ಕೈ ತಾನೇ? ಆರು ಬೆರಳು ಯಾಕೆ ಇಟ್ಟಿದೀಯ?" ಎಂದು ಜಗಳ ತೆಗೆದ. ಕಂಡಕ್ಟರು ಎಣಿಸಿ ನೋಡಿದರು. ಆರೇ ಇತ್ತು.

ಆರನೆಯ ದಿನ ಮಧ್ಯಾಹ್ನ, ಪುಸ್ತಕ ಹಿಂತಿರುಗಿಸಲು ಬಂದ ಒಬ್ಬಾಕೆ ಬಾಗಿಲ ಕಡೆ ಹೊರಟವಳು ತಟ್ಟನೆ ನಿಂತಳು. ನಲವತ್ತು ದಾಟಿದವಳು. ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಕನ್ನಡಕ. ಮೂಲೆಯ ಕನ್ನಡಕದ ಅಂಗಡಿಯಾಕೆ ಎಂದು ಕಂಡಕ್ಟರಿಗೆ ಗುರುತು ಸಿಕ್ಕಿತು. ಅವರ ಕನ್ನಡಕವೂ ಅಲ್ಲಿಯದೇ. ಆಕೆ ಚಿತ್ರದ ಹತ್ತಿರ ಬಂದು, ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡು, ಹಸಿರು ಅಕ್ಷರಗಳ ಮೇಲೆ ಗಾಳಿಯಲ್ಲೇ ಬೆರಳಾಡಿಸಿದಳು. ಕಿರುಬೆರಳು ಬಾಗಿತ್ತು.

ಕಂಡಕ್ಟರು ಕುರ್ಚಿಯಿಂದ ಎದ್ದರು. ಎರಡು ಸಲ ಈ ಕೈ ಅವರ ಮೂಗಿನ ಮೇಲೆ ಕನ್ನಡಕ ಕೂರಿಸಿತ್ತು. ಅಷ್ಟು ಹತ್ತಿರ ಬಂದದ್ದನ್ನು ಅವರು ನೋಡಿರಲಿಲ್ಲ. ಯಾಕೆಂದರೆ ಆ ಎರಡು ಸಲವೂ ಅವರ ಕಣ್ಣಿಗೆ ಕನ್ನಡಕವಿರಲಿಲ್ಲ.

"ಇದು ನಿಮಗೆ ಎಲ್ಲಿ ಸಿಕ್ತು?" ಎಂದು ಆಕೆ ಕೇಳಿದಳು. ದನಿ ಸಣ್ಣಗಿತ್ತು.

"ಬಸ್ಸಲ್ಲಿ ಸಿಕ್ತಮ್ಮ. ನೀವು ಕೇಳ್ಕೊಂಡು ಬಂದ್ರಿ. ನಾನು ಇಲ್ಲ ಅಂದೆ."

ಆಮೇಲೆ ಎಲ್ಲವನ್ನೂ ಹೇಳಿದರು. ಛತ್ರಿ, ಡಬ್ಬಿ, ಚೀಲದ ಹರಿದ ಬಟ್ಟೆ, ಗುಡಿಸದ ಬಸ್ಸು, ಯಾವುದನ್ನೂ ಬಿಡಲಿಲ್ಲ. ಆಕೆ ಕೇಳಿ ಮುಗಿದ ಮೇಲೆ, "ತೆಗೆದು ಕೊಡ್ತೀರಾ?" ಎಂದಳು.

ಚಿತ್ರವನ್ನು ಗೋಡೆಯಿಂದ ಇಳಿಸಿ ಗ್ರಂಥಾಲಯದ ಹಿಂದಿನ ಕೋಣೆಗೆ ಒಯ್ದರು. ಮೈದಾ ಅಂಟು ನೀರಿಗೆ ಬಿಡುತ್ತದೆ. ಆದರೆ ಅವಸರ ಮಾಡಿದರೆ ಶಾಯಿಯೂ ಹರಿಯುತ್ತದೆ. ಕಂಡಕ್ಟರು ಬಟ್ಟೆ ಒದ್ದೆ ಮಾಡಿ, ಹಿಂಡಿ, ಲಕೋಟೆಯ ಅಂಚಿಗೆ ಮಾತ್ರ ಒತ್ತಿ ಹಿಡಿದರು. ಕೈಗಳನ್ನು ಮೊದಲು ಕೀಳಬೇಕಾಯಿತು. ರೆಕ್ಸಿನ್ನು ಎದ್ದು ಬರುವಾಗ ಅರ್ಧ ಕಿಟಕಿಯನ್ನೂ ಎಳೆದುಕೊಂಡೇ ಬಂತು. ಏನೇ ಹೇಳಿ, ಒಳ್ಳೆಯ ಚಿತ್ರವದು.

"ಒಳಗೇನಿದೆ ಅಂತ ನಿಮಗೆ ಗೊತ್ತಾ?" ಎಂದು ಕಂಡಕ್ಟರು ಕೊನೆಗೂ ಕೇಳಿಯೇಬಿಟ್ಟರು.

"ನಂಗೂ ಗೊತ್ತಿಲ್ಲ" ಎಂದಳು ಆಕೆ. "ನಮ್ಮ ಸಂಗೀತದ ಮೇಷ್ಟ್ರು ಬರೆದಿದ್ದು. ಅಂಟಿಸಿ ಕೊಟ್ರು. ಆರ್ಕೆಸ್ಟ್ರಾ ಇತ್ತಲ್ಲ, ಹಳೇ ಸಿನಿಮಾ ಹಾಡು ಹಾಡೋರು, ಅದರ ಯಜಮಾನರ ಕೈಗೆ ನಾನೇ ಕೊಡಬೇಕಿತ್ತು. ಕಾಗದ ನೋಡದೆ ಅವರು ಯಾರ ಹಾಡನ್ನೂ ಕೇಳ್ತಿರ್ಲಿಲ್ಲ."

"ಇನ್ನೊಂದು ಬರೆಸ್ಕೋಬಹುದಿತ್ತಲ್ಲಮ್ಮ."

"ಬರೆಸ್ಕೋಬಹುದಿತ್ತು. ಹಟ." ಆಕೆ ಕನ್ನಡಕವನ್ನು ತೆಗೆದು ಒರೆಸಿದಳು. "ಬಸ್ಸಲ್ಲಿ ಬಿದ್ದಿಲ್ಲ ಅಂತ ನೀವು ಅಷ್ಟು ಖಂಡಿತವಾಗಿ ಹೇಳಿದ್ರಿ. ಹಾಗಾದ್ರೆ ಮನೇಲೇ ಹೋಗಿದೆ ಅಂತಾಯ್ತು. ನನ್ನ ಚೀಲ ಮುಟ್ಟಿದ್ದವಳು ಅಮ್ಮ ಒಬ್ಬಳೇ, ಊಟದ ಡಬ್ಬಿ ಇಡೋಕೆ. ಹಾಡಿಂದ ಏನು ಬರತ್ತೆ ಅಂತ ಅಪ್ಪ ದಿನಾ ಬಯ್ಯೋರು, ಅಮ್ಮನೂ ಹೂಂಗುಟ್ಟೋಳು. ಅವಳೇ ತೆಗೆದು ಒಲೆಗೆ ಹಾಕಿದಾಳೆ ಅಂದ್ಕೊಂಡೆ."

"ಕೇಳ್ಲಿಲ್ವಾ?"

"ಕೇಳೋದೇನು, ಗೊತ್ತಿತ್ತಲ್ಲ. ಅವತ್ತಿಂದ ಹಾಡೋದು ಬಿಟ್ಟೆ. ಅಮ್ಮನ ಹತ್ರ ಮಾತೂ ಬಿಟ್ಟೆ. ಪೂರ್ತಿ ಬಿಟ್ಟೆ ಅಂತಲ್ಲ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟು. ಅಪ್ಪ ಹೋದ್ಮೇಲೆ ನಾಲ್ಕು ವರ್ಷದಿಂದ ನನ್ನ ಮನೇಲೇ ಇದಾಳೆ. ಒಂದಕ್ಕೂ ಕಡಿಮೆ ಮಾಡಿಲ್ಲ ನಾನು. ಆದ್ರೆ ಅವಳ ಎದುರು ಒಂದು ದಿನ ಕೂತು ಮಾತಾಡಿಲ್ಲ."

ಕಂಡಕ್ಟರ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಕೆಲಸ ಕಳೆದುಕೊಂಡಿರಬಹುದು, ಮದುವೆ ಮುರಿದಿರಬಹುದು ಎಂದೆಲ್ಲ ಅವರು ಊಹಿಸಿದ್ದರು. ತಾನು ನೋಡಿಯೇ ಇಲ್ಲದ ಒಬ್ಬ ಹೆಂಗಸಿನ ತಲೆಗೆ ಕಳ್ಳತನ ಕಟ್ಟಿದ್ದೇನೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಲಕೋಟೆ ಮೆಲ್ಲಗೆ ಎದ್ದು ಬಂತು. ಅಕ್ಷರ ಹರಿದಿರಲಿಲ್ಲ. ಆಕೆ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಡೆಯದೆ ಎದ್ದು ನಿಂತಳು.

"ನೀವು ನಮ್ಮ ಮನೆಗೆ ಬರ್ಬೇಕು. ಅಮ್ಮನ ಮುಂದೆ ನೀವೇ ಹೇಳ್ಬೇಕು. ನನಗೆ ಬಾಯಿ ಬರಲ್ಲ."

ಕನ್ನಡಕದ ಅಂಗಡಿಯ ಮೇಲೆಯೇ ಆಕೆಯ ಮನೆ. ಕಡಿದಾದ ಮೆಟ್ಟಿಲು ಹತ್ತುವಾಗ ಕಂಡಕ್ಟರು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ತಾಯಿ ಕಿಟಕಿಯ ಹತ್ತಿರ ಕೂತು ಬಟಾಣಿ ಬಿಡಿಸುತ್ತಿದ್ದರು. ಸಣ್ಣ ದೇಹ, ಚುರುಕು ಬೆರಳು. ಅಂಗಡಿ ತೆರೆದಿರುವ ಹೊತ್ತಿನಲ್ಲಿ ಮಗಳು ಮೇಲೆ ಬಂದದ್ದು, ಜೊತೆಗೆ ಗುರುತಿಲ್ಲದ ಗಂಡಸನ್ನು ಕರೆತಂದದ್ದು, ಎರಡೂ ನೋಡಿ ಅವರ ಹುಬ್ಬು ಮೇಲೇರಿತು.

"ಯಾರಿಗೇನಾಯ್ತು?"

"ಏನೂ ಆಗಿಲ್ಲಮ್ಮ" ಎಂದು ಕಂಡಕ್ಟರು ಶುರು ಮಾಡಿದರು. ಜೋಡಿಸಿಕೊಂಡದ್ದೆಲ್ಲ ಹಾರಿಹೋಗಿ, ಬಂದದ್ದು ಬಂದ ಹಾಗೆ ಹೇಳಿದರು. ಲಕೋಟೆ ಸಿಕ್ಕಿದ್ದು, ಇಲ್ಲ ಅಂದದ್ದು, ಅದರಿಂದ ನಿಮ್ಮ ಮಗಳು ನಿಮ್ಮನ್ನು ತಪ್ಪು ತಿಳಿದದ್ದು, ತಪ್ಪು ಎಲ್ಲ ನನ್ನದು. ತಾಯಿಯ ಬೆರಳು ಬಟಾಣಿಯ ಸಿಪ್ಪೆಯ ಮೇಲೆ ನಿಂತಿತ್ತು. ಅವರು ನೋಡುತ್ತಿದ್ದದ್ದು ಕಂಡಕ್ಟರನ್ನಲ್ಲ, ಮಗಳ ಕೈಯಲ್ಲಿದ್ದ ಕಂದು ಕಾಗದವನ್ನು.

"ಹಾಗಾದ್ರೆ ಅದು ತಲುಪಲೇ ಇಲ್ವಾ" ಎಂದರು.

ಮಗಳು ಚಕ್ಕನೆ ತಲೆಯೆತ್ತಿದಳು. "ನಿಂಗೆ ಗೊತ್ತಿತ್ತಾ ಇದರ ವಿಷಯ?"

ಮಗಳು ಲಕೋಟೆಯ ತುದಿ ಹರಿದು ಕಾಗದ ತೆಗೆದಳು. ತೆಗೆದವಳು ಓದಲಾರದೆ ಕಂಡಕ್ಟರ ಕಡೆ ಚಾಚಿದಳು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಇಪ್ಪತ್ಮೂರು ವರ್ಷ ಕಾದ ಕಾಗದ ಕೈಗೆ ಬಂದಾಗ ಅದನ್ನು ಓದಲು ಅವರಿಗೆ ಹೆದರಿಕೆಯಾಯಿತು. ಆದರೂ ಓದಿದರು.

"ಈ ಕಾಗದ ತಂದವಳು ನನ್ನ ಶಿಷ್ಯೆ. ಸುಳ್ಳು ಹೇಳಲಾರೆ, ಕಂಠ ಸಾಧಾರಣ. ಶ್ರುತಿ ಬಿಡುವುದಿಲ್ಲ, ತಾಳ ತಪ್ಪುವುದಿಲ್ಲ. ಇವಳ ತಾಯಿ ನಾಲ್ಕು ದಿನದಿಂದ ನನ್ನ ಮನೆ ಬಾಗಿಲಿಗೆ ಬಂದು ಕೂರುತ್ತಿದ್ದಾರೆ. ಮಗಳು ಒಂದು ಸಲವಾದರೂ ಮೈಕಿನ ಮುಂದೆ ನಿಲ್ಲಬೇಕಂತೆ. ಇದು ಗಂಡನಿಗೂ ಗೊತ್ತಾಗಬಾರದು, ಮಗಳಿಗೂ ಗೊತ್ತಾಗಬಾರದು ಎನ್ನುತ್ತಾರೆ. ಅವರ ಕಾಟ ತಡೆಯಲಾರದೆ ಬರೆದಿದ್ದೇನೆ. ದಯವಿಟ್ಟು ಒಂದು ಹಾಡು ಹಾಡಿಸಿ ನೋಡಿ."

ಕೆಳಗೆ ಅಂಗಡಿಯ ಬಾಗಿಲನ್ನು ಯಾರೋ ತಟ್ಟಿದರು. ಯಾರೂ ಏಳಲಿಲ್ಲ.

"ಹೇಳ್ಬೇಡಿ ಅಂತ ಅಷ್ಟು ಬೇಡ್ಕೊಂಡಿದ್ದೆ" ಎಂದರು ತಾಯಿ. "ಬರೆದೇ ಬಿಟ್ಟಿದಾರೆ ನೋಡು ಮೇಷ್ಟ್ರು."

ಮಗಳು ಗೋಡೆಗೆ ಒರಗಿ ನೆಲಕ್ಕೆ ಕೂತಳು. ಅಳು ಬಂದು ಮುಖ ಕೆಂಪಾಗಿತ್ತು. "ನೀನು ಒಂದು ಸಲ ಆದ್ರೂ ಕೇಳ್ಬಾರದಿತ್ತಾ? ನಾನು ಯಾಕೆ ಹೀಗಾದೆ ಅಂತ?"

"ಆರ್ಕೆಸ್ಟ್ರಾದವರು ಬೇಡ ಅಂದಿರ್ತಾರೆ ಅಂದ್ಕೊಂಡೆ. ಹಾಡೋದನ್ನೇ ಬಿಟ್ಟೆಯಲ್ಲ ನೀನು. ಮೇಷ್ಟ್ರು ನನ್ನ ಹೆಸರು ಬಾಯಿ ಬಿಟ್ಟಿರ್ಬೇಕು, ನಾನೇ ಕಳಿಸಿ ಅವಮಾನ ಮಾಡಿಸಿದ್ದು ಅಂತ ನಿಂಗೆ ಗೊತ್ತಾಗಿರ್ಬೇಕು ಅನ್ನಿಸ್ತು. ನೀನು ಮಾತು ಬಿಟ್ಟಾಗ, ಸರಿಯಾಗೇ ಇದೆ, ಅನುಭವಿಸ್ಬೇಕು ಅಂತ ಸುಮ್ಮನಾದೆ."

ಕಂಡಕ್ಟರು ಕಾಗದವನ್ನು ಮಡಿಸಿ ಬಟಾಣಿಯ ತಟ್ಟೆಯ ಪಕ್ಕ ಇಟ್ಟರು. ಕ್ಷಮೆ ಕೇಳಬೇಕೆಂದು ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು. ಅವರು ಕೋಣೆಯಲ್ಲಿರುವುದನ್ನು ಇಬ್ಬರೂ ಮರೆತಿದ್ದರು. ಮೆಲ್ಲಗೆ ಹಿಂದೆ ಸರಿದು ಬಾಗಿಲ ಹತ್ತಿರ ನಿಂತು ಚಪ್ಪಲಿಗೆ ಕಾಲು ಹುಡುಕಿದರು.

"ಕಂಠ ಸಾಧಾರಣ ಅಂತೆ. ನಿಂಗೂ ಗೊತ್ತಿತ್ತು" ಎಂದಳು ಮಗಳು ಮೂಗು ಒರೆಸಿಕೊಳ್ಳುತ್ತ. "ಅಪ್ಪನಿಗೆ ಹೆದರ್ಕೊಂಡು, ನಾಲ್ಕು ದಿನ ಹೋಗಿ ಅವರ ಬಾಗಿಲಲ್ಲಿ ಕೂತ್ಕೊಂಡು, ಯಾಕಮ್ಮ ಬೇಕಿತ್ತು ಅದೆಲ್ಲ ನಿಂಗೆ?"

ತಾಯಿ ಇನ್ನೊಂದು ಬಟಾಣಿ ಕೈಗೆತ್ತಿಕೊಂಡು, ಬಿಡಿಸದೆ ಹಾಗೇ ಹಿಡಿದುಕೊಂಡರು.

"ನಂಗೆ ನಿನ್ನ ಹಾಡು ಇಷ್ಟ" ಎಂದರು.